ಸಫಾಯಿ ಕೊಡುವವರು: ‘ಯುದ್ಧ ಬೇಡ’ ಅಂದ ಮೇಲೆ ಏನು ಹೇಳಬೇಕು?

2025ರ ಏಪ್ರಿಲ್ 26, ಶನಿವಾರ. ಮೈಸೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪತ್ರಕರ್ತರ ಜೊತೆ ಮಾತಾಡುತ್ತಾ, ಪಾಕಿಸ್ತಾನದ ಮೇಲೆ ಯುದ್ಧ ಮಾಡುವ ಅಗತ್ಯವಿಲ್ಲ, ಭದ್ರತೆ ಬಿಗಿ ಮಾಡಬೇಕು, ನಾವು ಯುದ್ಧದ ಪರ ಇಲ್ಲ ಎಂದರು. ಮಾತು ಅಷ್ಟೇ. ಪಹಲ್ಗಾಮಿನ ಕೊಲೆಗಳಾಗಿ ಆಗ ನಾಲ್ಕೇ ದಿನ.

ಆ ಮಾತು ಸರಿಯೋ ತಪ್ಪೋ ಅನ್ನೋದು ಈ ಲೇಖನದ ವಿಷಯವಲ್ಲ. ಆ ಮಾತಿನ ಮೇಲೆ ದಾಳಿ ಬಂದಾಗ ಅದನ್ನು ಆಡಿದವರು ಹೇಗೆ ಉತ್ತರ ಕೊಟ್ಟರು, ಆ ಉತ್ತರದಿಂದ ನಮಗೆ, ಅಂದರೆ ನಿಮಗೂ ನನಗೂ, ಏನು ಉಳೀತು ಅನ್ನೋದನ್ನು ನೋಡೋಣ. ಆ ದಿನಗಳಲ್ಲಿ ಸಿದ್ದರಾಮಯ್ಯನವರ ಎದುರು ಯಾವ ಚುನಾವಣೆಯೂ ಇರಲಿಲ್ಲ ಅಂತ ನೀವು ಹೇಳಬಹುದು. ನಿಜ. ಆದರೆ ನಮ್ಮ ದೇಶದಲ್ಲಿ ಗೆದ್ದವರು ಮಾರನೇ ದಿನದಿಂದಲೇ ಮುಂದಿನ ಚುನಾವಣೆಯ ಅಭ್ಯರ್ಥಿ. ಅವರ ಪ್ರತಿ ಮಾತಿನ ಹಿಂದೆ ಮತಪೆಟ್ಟಿಗೆ ಇದ್ದೇ ಇರುತ್ತೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಈ ಸುದ್ದಿ ನೋಡಿದ್ದು ಕಲ್ಯಾಣದಲ್ಲಿ ಕೂತು. ಏಪ್ರಿಲ್ 22ರಂದು ಸತ್ತ 26 ಮಂದಿಯಲ್ಲಿ ಮೂವರು ಪಕ್ಕದ ಡೊಂಬಿವಲಿಯವರು, ಒಬ್ಬರು ಪನ್ವೇಲಿನವರು. ಕರ್ನಾಟಕದವರೂ ಇದ್ದರು. ಡೊಂಬಿವಲಿಯ ಮೂರು ಮನೆಗಳವರು ರಜೆಗೆ ಹೋದವರನ್ನು ಪೆಟ್ಟಿಗೆಯಲ್ಲಿ ವಾಪಸ್ ತಂದಿದ್ದರು. ಹೆಸರು ಕೇಳಿ, ಧರ್ಮ ಕೇಳಿ ಗುಂಡು ಹೊಡೆದಿದ್ದರು. ಇಂಥ ಊರಲ್ಲಿ ನಿಂತು ‘ಯುದ್ಧ ಬೇಡ’ ಅನ್ನೋ ಮಾತನ್ನು ಕೇಳಿದವರಿಗೆ ಸಿಟ್ಟು ಬಂದರೆ ಅದನ್ನು ದ್ವೇಷ ಅಂತ ತಳ್ಳಿಹಾಕೋದು ಅನ್ಯಾಯ. ಶಾಂತಿಯ ಮಾತಾಡೋರು ಮೊದಲು ಆ ಮನೆಯ ಬಾಗಿಲ ಮುಂದೆ ನಿಂತು ಮಾತಾಡಲು ಕಲಿಯಬೇಕು. ಮೈಸೂರಿನ ಹೇಳಿಕೆಯ ಮೊದಲ ಕೊರತೆ ನನಗೆ ಕಂಡಿದ್ದು ಅಲ್ಲೇ. ಯುದ್ಧ ಬೇಡ ಅನ್ನೋದು ಕೇಳಿಸಿತು. ಕೊಂದವರಿಗೆ ಏನಾಗಬೇಕು ಅನ್ನೋದು ಅಷ್ಟೇ ಗಟ್ಟಿಯಾಗಿ ಕೇಳಿಸಲಿಲ್ಲ.

ಆದರೆ ದಾಳಿ ಮಾಡಿದವರು ಈ ಕೊರತೆಯನ್ನು ಹಿಡಿದುಕೊಂಡು ಮಾತಾಡಲಿಲ್ಲ. ಪಾಕಿಸ್ತಾನದ ವಾಹಿನಿಯೊಂದು ಸಿದ್ದರಾಮಯ್ಯನವರ ಮಾತನ್ನು ಸುದ್ದಿ ಮಾಡಿತು. ಬಿಜೆಪಿಯ ರಾಜ್ಯಾಧ್ಯಕ್ಷ ಬಿ.ವೈ. ವಿಜಯೇಂದ್ರ ಅದನ್ನೇ ತೋರಿಸಿ, ಗಡಿಯಾಚೆಯಿಂದ ಶಹಬ್ಬಾಸ್‌ಗಿರಿ ಬಂದಿದೆ ಎಂದು ಕುಟುಕಿದರು. ವಿಪಕ್ಷ ನಾಯಕ ಆರ್. ಅಶೋಕ ‘ಪಾಕಿಸ್ತಾನ ರತ್ನ’ ಅಂದರು, ಆ ದೇಶದ ದೊಡ್ಡ ಪ್ರಶಸ್ತಿಯೂ ಸಿಗಬಹುದು ಅಂದರು. ಗಮನಿಸಿ, ಯುದ್ಧದಿಂದ ಲಾಭವೇನು, ನಷ್ಟವೇನು, ಭದ್ರತೆ ಎಲ್ಲಿ ತಪ್ಪಿತು, ಇದರ ಬಗ್ಗೆ ಈ ಬೈಗುಳದಲ್ಲಿ ಒಂದು ಪದವೂ ಇಲ್ಲ. ‘ನೀನು ಹೇಳಿದ್ದು ತಪ್ಪು’ ಅನ್ನೋದು ವಾದ. ‘ನೀನು ಅವರ ಕಡೆಯವನು’ ಅನ್ನೋದು ವಾದ ಅಲ್ಲ, ಅದು ಗುರುತಿನ ಚೀಟಿ ಕೇಳೋದು.

ಮಾರನೇ ದಿನ ಸ್ಪಷ್ಟನೆ ಬಂತು. ಯುದ್ಧವೇ ಬೇಡ ಅಂತ ನಾನು ಹೇಳಿಲ್ಲ, ಯುದ್ಧ ಪರಿಹಾರವಲ್ಲ ಅಂದೆ, ಅನಿವಾರ್ಯವಾದರೆ ಮಾಡಲೇಬೇಕು, ಪ್ರವಾಸಿಗರಿಗೆ ರಕ್ಷಣೆ ಕೊಡೋದು ಯಾರ ಹೊಣೆಯಾಗಿತ್ತು ಎಂದು ಕೇಳಿದ್ದೇನೆ ಅನ್ನೋದು ಅದರ ಸಾರ. ಆಮೇಲೆ ಬರಹದಲ್ಲೂ, ಯುದ್ಧ ಕೊನೆಯ ದಾರಿಯಾಗಬೇಕೇ ಹೊರತು ಮೊದಲನೆಯದಲ್ಲ ಎಂದು ವಿವರಿಸಿದರು.

ಈ ಉತ್ತರವನ್ನು ಎರಡು ಭಾಗ ಮಾಡಿ ಓದಿ. ‘ಕೊನೆಯ ದಾರಿ’ ಅನ್ನೋ ಭಾಗ ಒಳ್ಳೆಯದು. ಅದು ಹೇಡಿತನವಲ್ಲ, ಹೊಣೆಗಾರಿಕೆ. ಭದ್ರತೆಯ ಲೋಪದ ಪ್ರಶ್ನೆಯನ್ನು ಕೈಬಿಡದೇ ಇದ್ದದ್ದೂ ಒಳ್ಳೆಯದು. ಆದರೆ ‘ನಾನು ಹಾಗೆ ಹೇಳಿಲ್ಲ’ ಅನ್ನೋ ಭಾಗ ಎಲ್ಲವನ್ನೂ ಸಡಿಲ ಮಾಡಿತು. ಅಗತ್ಯವಿಲ್ಲ ಅಂದಿದ್ದನ್ನು ಜನ ವಿಡಿಯೋದಲ್ಲಿ ನೋಡಿದ್ದರು. ‘ಹೇಳಿದ್ದೇನೆ, ಕಾರಣ ಇಂಥದ್ದು’ ಅಂದಿದ್ದರೆ ಜಗಳ ಕಾರಣದ ಮೇಲೆ ನಡೀತಿತ್ತು. ‘ಹೇಳಿಲ್ಲ’ ಅಂದ ಕೂಡಲೇ ಜಗಳ ಮಾತಿನ ಮೇಲೆ ನಿಂತಿತು. ಏಪ್ರಿಲ್ 28ರಂದು ಬೆಳಗಾವಿಯ ಸಭೆಯಲ್ಲಿ ಬಿಜೆಪಿಯ ಮಹಿಳಾ ಕಾರ್ಯಕರ್ತೆಯರು ಕಪ್ಪು ಬಾವುಟ ತೋರಿಸಿದಾಗ ಮುಖ್ಯಮಂತ್ರಿಗಳು ವೇದಿಕೆಯಲ್ಲೇ ಪೊಲೀಸ್ ಅಧಿಕಾರಿಯ ಮೇಲೆ ಕೈ ಎತ್ತಿದ ದೃಶ್ಯ ನಿಮಗೆ ನೆನಪಿರಬಹುದು. ಶಾಂತಿಯ ಮಾತಾಡಿದವರ ಕೈ ಮೇಲಕ್ಕೆದ್ದ ಮೇಲೆ ವಾದ ಎಷ್ಟೇ ಸರಿಯಿದ್ದರೂ ಜನ ನೆನಪಿಟ್ಟುಕೊಳ್ಳೋದು ಆ ಕೈಯನ್ನೇ.

ಮೇ 7ರಂದು ಆಪರೇಷನ್ ಸಿಂಧೂರ ನಡೆದ ದಿನ ಇನ್ನೊಂದು ಪ್ರಸಂಗ. ಕರ್ನಾಟಕ ಕಾಂಗ್ರೆಸ್ಸಿನ ಖಾತೆಯಲ್ಲಿ ಶಾಂತಿಯ ಬಗ್ಗೆ ಗಾಂಧೀಜಿ ಹೆಸರಿನ ಮಾತೊಂದು ಬಂತು, ಟೀಕೆ ಬಂದ ಕೂಡಲೇ ಮಾಯವಾಯಿತು. ಸೈನ್ಯ ಕಾರ್ಯಾಚರಣೆಯಲ್ಲಿರುವಾಗ ಅದನ್ನು ಹಾಕಿದ್ದು ಸಮಯವಲ್ಲದ ಸಮಯ ಅನ್ನೋರಿದ್ದಾರೆ. ಇರಲಿ. ಆದರೆ ಹಾಕೋಕೆ ಮುಂಚೆ ಯೋಚಿಸದೆ, ತೆಗೆಯೋಕೂ ಮುಂಚೆ ಯೋಚಿಸದೆ ಹೋದರೆ ಗಾಂಧೀಜಿಯ ಮಾತೂ ಒಂದು ತಪ್ಪೊಪ್ಪಿಗೆಯ ಹಾಗೆ ಕಾಣುತ್ತೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಮೈಸೂರಿನ ಮಾತಾಗಿ ಆರೇ ದಿನಕ್ಕೆ, ಮೇ 2ರಂದು, ಅದೇ ಸಂಪುಟದ ಸಚಿವ ಜಮೀರ್ ಅಹ್ಮದ್ ಖಾನ್ ಮಾತಾಡಿದರು. ಪಾಕಿಸ್ತಾನದ ವಿರುದ್ಧ ಹೋರಾಡಲು ತಾನು ಸಿದ್ಧ, ಮೋದಿ ಮತ್ತು ಅಮಿತ್ ಶಾ ಆತ್ಮಾಹುತಿ ಬಾಂಬ್ ಕೊಡಲಿ, ಮೈಗೆ ಕಟ್ಟಿಕೊಂಡು ಹೋಗುತ್ತೇನೆ ಎಂದರು. ತಮಾಷೆಗೆ ಹೇಳುತ್ತಿಲ್ಲ ಅಂತಲೂ ಸೇರಿಸಿದರು.

ಎರಡೂ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಪಕ್ಷ, ಒಂದೇ ಸರ್ಕಾರ. ಮುಖ್ಯಮಂತ್ರಿಗೆ ‘ಯುದ್ಧ ಬೇಡ’ ಅನ್ನಲು ಜಾಗ ಇತ್ತು. ಬೈಗುಳ ತಿಂದರು, ಹಿಂದೆ ಸರಿದರು, ಆದರೂ ಆಡುವ ಜಾಗ ಇತ್ತು. ಮುಸ್ಲಿಂ ಸಚಿವರಿಗೆ ಆ ಜಾಗ ಇದೆ ಅಂತ ಅನ್ನಿಸಲೇ ಇಲ್ಲ. ಅವರನ್ನು ಯಾರೂ ಪಾಕಿಸ್ತಾನ ರತ್ನ ಅಂದಿರಲಿಲ್ಲ. ಯಾರಾದರೂ ಅನ್ನುವ ಮುಂಚೆಯೇ ಅವರು ಉತ್ತರ ಕೊಟ್ಟರು. ಕೇಳದ ಪ್ರಶ್ನೆಗೆ ಉತ್ತರ ಕೊಡೋ ಈ ಅಭ್ಯಾಸ ನಮಗೆಲ್ಲ ಗೊತ್ತಿದೆ. ರೈಲಿನಲ್ಲಿ, ಸ್ಟಾಫ್ ರೂಮಿನಲ್ಲಿ, ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಪಹಲ್ಗಾಮ್ ಮಾತು ಬಂದಾಗ ನಾವು ಉಳಿದವರಿಗಿಂತ ಒಂದು ಸ್ವರ ಮೇಲೆ ಖಂಡಿಸಿದ್ದು ನೆನಪಿಲ್ಲವೇ? ಖಂಡಿಸಿದ್ದು ಮನಸ್ಸಿನಿಂದಲೇ. ಆ ಮೇಲಿನ ಸ್ವರ ಮಾತ್ರ ಭಯದಿಂದ ಬಂದದ್ದು.

ಹಾಗಂತ ಜಮೀರ್ ಅವರ ಮಾತನ್ನು ಭಯದ ಲೆಕ್ಕಕ್ಕೆ ಹಾಕಿ ಬಿಟ್ಟುಬಿಡಲು ಆಗಲ್ಲ. ಮುಸ್ಲಿಮನ ಬಗ್ಗೆ ಅನುಮಾನ ಪಡೋರ ಕಲ್ಪನೆಯಲ್ಲಿ ಇರೋದೇ ಮೈಗೆ ಬಾಂಬ್ ಕಟ್ಟಿಕೊಂಡ ಮನುಷ್ಯ. ಆ ಅನುಮಾನವನ್ನು ತೊಡೆಯಲು ಹೊರಟವರು ಅದೇ ಚಿತ್ರವನ್ನು ದೇಶಭಕ್ತಿಯ ಬಣ್ಣ ಹಚ್ಚಿ ಎತ್ತಿ ತೋರಿಸಿದರು. ಆತ್ಮಹತ್ಯೆ ನಮ್ಮಲ್ಲಿ ಹರಾಮ್ ಅಂತ ಮದರಸಾದ ಮಗುವಿಗೂ ಗೊತ್ತು. ಹಾಗಿದ್ದ ಮೇಲೆ ಅದನ್ನು ನಿಷ್ಠೆಯ ಪುರಾವೆಯಾಗಿ ಇಡೋದು ಹೇಗೆ? ಪಹಲ್ಗಾಮಿನಲ್ಲೇ ಇದಕ್ಕಿಂತ ದೊಡ್ಡ ಉತ್ತರ ಇತ್ತು. ಪ್ರವಾಸಿಗರನ್ನು ಉಳಿಸಲು ಹೋಗಿ ಪ್ರಾಣ ಕಳೆದುಕೊಂಡ, ಕುದುರೆ ನಡೆಸಿ ಬದುಕುತ್ತಿದ್ದ ಕಾಶ್ಮೀರಿ ಮುಸ್ಲಿಂ ಯುವಕನ ಕತೆಯನ್ನು ಸಚಿವರು ಹೇಳಬಹುದಿತ್ತು.

ಉರ್ದುವಿನಲ್ಲಿ ‘ಸಫಾಯಿ’ ಅಂದರೆ ಸ್ವಚ್ಛತೆ. ‘ಸಫಾಯಿ ದೇನಾ’ ಅಂದರೆ ನಾನು ತಪ್ಪಿತಸ್ಥನಲ್ಲ ಅಂತ ಸಮಜಾಯಿಷಿ ಕೊಡೋದು. ಕನ್ನಡದ ‘ಸ್ಪಷ್ಟನೆ’ಗೆ ಈ ಕೊಳೆಯ ನೆರಳಿಲ್ಲ, ಅದರ ಕೆಲಸ ಮಾತನ್ನು ತಿಳಿ ಮಾಡೋದು. ಸಿದ್ದರಾಮಯ್ಯನವರು ಕೊಟ್ಟದ್ದು ಸ್ಪಷ್ಟನೆ, ಜಮೀರ್ ಅವರು ಕೊಟ್ಟದ್ದು ಸಫಾಯಿ. ಒಂದು ಮಾತನ್ನು ಕುರಿತದ್ದು, ಇನ್ನೊಂದು ತನ್ನನ್ನು ಕುರಿತದ್ದು. ನಮ್ಮ ಸಮಾಜದಿಂದ ಯಾವಾಗಲೂ ಕೇಳುವುದು ಎರಡನೆಯದನ್ನೇ. ನಾವೂ ಅಭ್ಯಾಸಬಲದಿಂದ ಅದನ್ನೇ ಕೊಡ್ತೀವಿ.

ಇದು ನಮ್ಮ ಕಾಲದ್ದೇ ರೋಗ ಅಂದುಕೊಳ್ಳಬೇಡಿ. 1914ರಲ್ಲಿ ಬ್ರಿಟನ್ನಿನ ಲೇಬರ್ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್ ಮಹಾಯುದ್ಧವನ್ನು ವಿರೋಧಿಸಿ ನಾಯಕತ್ವ ಬಿಟ್ಟರು. ಮರುವರ್ಷ ‘ಜಾನ್ ಬುಲ್’ ಅನ್ನೋ ಪತ್ರಿಕೆ ಅವರ ಜನನ ಪತ್ರವನ್ನೇ ಅಚ್ಚು ಹಾಕಿ, ತಾಯಿಗೆ ಮದುವೆಯಾಗಿರಲಿಲ್ಲ ಅಂತ ಜಗಜ್ಜಾಹೀರು ಮಾಡಿತು. ಯುದ್ಧದ ಬಗ್ಗೆ ಅವರೆತ್ತಿದ ಪ್ರಶ್ನೆಗೂ ಜನನ ಪತ್ರಕ್ಕೂ ಏನು ಸಂಬಂಧ? 1918ರಲ್ಲಿ ಸೋತರು. 1922ರಲ್ಲಿ ಮತ್ತೆ ಗೆದ್ದು, 1924ರಲ್ಲಿ ಪ್ರಧಾನಿಯೇ ಆದರು.

ನಮ್ಮ ಮುಂಬೈಯದೇ ಉದಾಹರಣೆ ಬೇಕಾದರೆ ವಿ.ಕೆ. ಕೃಷ್ಣ ಮೆನನ್ ಇದ್ದಾರೆ. ಅವರೇನು ಯುದ್ಧವಿರೋಧಿಯಲ್ಲ. 1961ರಲ್ಲಿ ಗೋವಾಕ್ಕೆ ಸೈನ್ಯ ಹೋದಾಗ ರಕ್ಷಣಾ ಮಂತ್ರಿ ಅವರೇ. ಆದರೆ 1962ರ ಸೋಲಿನ ನಂತರ, ಚೀನಾದ ಬಗ್ಗೆ ಮೆತ್ತಗಿದ್ದರು ಅನ್ನೋ ಆರೋಪ ಅವರ ಬೆನ್ನು ಬಿಡಲಿಲ್ಲ. 1967ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಗಲಿಲ್ಲ, ಈಶಾನ್ಯ ಮುಂಬೈಯಿಂದ ಪಕ್ಷೇತರರಾಗಿ ನಿಂತರು. ಆಗ ಒಂದು ವರ್ಷವೂ ತುಂಬದ ಶಿವಸೇನೆ, ಈತ ದಕ್ಷಿಣದವನು, ಹೊರಗಿನವನು ಅಂತ ಪ್ರಚಾರ ಮಾಡಿತು. ಮೆನನ್ ಸೋತರು, ಅದೇ ವರ್ಷದ ಉಪಚುನಾವಣೆಯಲ್ಲೂ ಸೋತರು. ಈ ಭಾಗದ ಕನ್ನಡಿಗರು ಇದನ್ನು ಮರೆಯಬಾರದು. ಇವತ್ತು ‘ಪಾಕಿಸ್ತಾನಿ’ ಅನ್ನೋ ಮಾತಿಗೆ ನಗುವವರ ಅಪ್ಪ, ಅಜ್ಜ ಅಂದು ಇಲ್ಲಿ ‘ಮದ್ರಾಸಿ’ ಅನ್ನಿಸಿಕೊಂಡವರು.

ಹಾಗಾದರೆ ಒಳ್ಳೆಯ ಉತ್ತರ ಯಾವುದು? 2017ರ ಮೇ 22ರಂದು ಬ್ರಿಟನ್ನಿನ ಮ್ಯಾಂಚೆಸ್ಟರಿನಲ್ಲಿ ಬಾಂಬ್ ಸ್ಫೋಟವಾಗಿ 22 ಮಂದಿ ಸತ್ತರು. ಚುನಾವಣೆ ಎರಡೇ ವಾರ ದೂರ. ನಾಲ್ಕು ದಿನಗಳ ನಂತರ ಲೇಬರ್ ನಾಯಕ ಜೆರೆಮಿ ಕಾರ್ಬಿನ್, ನಮ್ಮ ದೇಶ ಹೊರಗೆ ನಡೆಸಿದ ಯುದ್ಧಗಳಿಗೂ ಒಳಗಿನ ಭಯೋತ್ಪಾದನೆಗೂ ಸಂಬಂಧವಿದೆ ಎಂದರು. ಅದೇ ಭಾಷಣದಲ್ಲಿ, ಇದರಿಂದ ಕೊಂದವರ ಅಪರಾಧ ಎಳ್ಳಷ್ಟೂ ಕಡಿಮೆಯಾಗೋದಿಲ್ಲ ಅಂತಲೂ ಹೇಳಿದರು. ಎದುರಾಳಿಗಳು ಮುಗಿಬಿದ್ದರು. ಅವರು ಮಾತು ಹಿಂತೆಗೆದುಕೊಳ್ಳಲಿಲ್ಲ. ಸರ್ಕಾರ ರಚಿಸಲಾಗಲಿಲ್ಲ, ಆದರೆ ಅವರ ಪಕ್ಷಕ್ಕೆ 30 ಸ್ಥಾನ ಹೆಚ್ಚಾಯಿತು. ಆ ಭಾಷಣದಿಂದಲೇ ಹೆಚ್ಚಾಯಿತು ಅಂತ ನಾನು ಹೇಳೋಲ್ಲ. ಆ ಭಾಷಣ ಅವರನ್ನು ಮುಳುಗಿಸಲಿಲ್ಲ ಅನ್ನೋದಷ್ಟೇ ನನ್ನ ಮಾತು. ದುಃಖ, ಅಪರಾಧ, ಕಾರಣ, ಮೂರನ್ನೂ ಅವರು ಮೊದಲ ದಿನವೇ ಒಟ್ಟಿಗೆ ಹೇಳಿದ್ದರು. ಮಾರನೇ ದಿನ ಸೇರಿಸಲು ಏನೂ ಉಳಿದಿರಲಿಲ್ಲ.

ನಮ್ಮ ಮಕ್ಕಳಿಗೆ ಹುದೈಬಿಯಾ ಒಪ್ಪಂದದ ಪಾಠ ಇದೆ. ರಾಜಕಾರಣಿಗಳ ಜೊತೆ ಹೋಲಿಸಲು ಅಲ್ಲ, ಕಲಿಯಲು ಹೇಳುತ್ತಿದ್ದೇನೆ. ಹಿಜರಿ 6ರಲ್ಲಿ ಉಮ್ರಾಕ್ಕೆ ಹೊರಟವರನ್ನು ಕುರೈಷರು ತಡೆದಾಗ ಪ್ರವಾದಿ ಮುಹಮ್ಮದ್(ಸ) ಸಂಧಿಗೆ ಒಪ್ಪಿದರು. ಕರಾರಿನಲ್ಲಿ ‘ಅಲ್ಲಾಹನ ಸಂದೇಶವಾಹಕ’ ಅನ್ನೋ ಪದ ಬೇಡ ಅಂದಾಗ ಅದನ್ನೂ ಬಿಟ್ಟರು. ಉಮರ್(ರ) ಅವರಂಥವರೇ ಎದ್ದು ಪ್ರಶ್ನೆ ಮಾಡಿದರು. ಪ್ರವಾದಿ(ಸ)ಯವರು ಉತ್ತರ ಕೊಟ್ಟರು, ಪ್ರಶ್ನೆ ಕೇಳಿದವರ ಈಮಾನನ್ನು ಅನುಮಾನಿಸಲಿಲ್ಲ, ಕರಾರನ್ನೂ ಬದಲಿಸಲಿಲ್ಲ. ಜನ ಬೇಸರದಿಂದ ಕದಲದೇ ಕೂತಾಗ ಉಮ್ಮು ಸಲಮಾ(ರ) ಅವರ ಸಲಹೆಯಂತೆ ತಾವೇ ಮೊದಲು ಎದ್ದು ಬಲಿಕೊಟ್ಟು ತಲೆ ಬೋಳಿಸಿಕೊಂಡರು. ಆಮೇಲೆ ಎಲ್ಲರೂ ಎದ್ದರು. ಕುರ್‌ಆನ್ ಅದನ್ನು ಸ್ಪಷ್ಟ ವಿಜಯ ಎಂದು ಕರೆಯಿತು.

ಇನ್ನು ಮುಂದೆ ನಿಮ್ಮ ವಾರ್ಡಿಗೆ, ಅದು ಮುಂಬ್ರಾ ಇರಲಿ, ಕಲ್ಯಾಣ, ವಾಶಿ ಇರಲಿ, ಯಾರಾದರೂ ಓಟು ಕೇಳಲು ಬಂದು ಯುದ್ಧ, ಶಾಂತಿಯ ಮಾತೆತ್ತಿದರೆ ಮೂರು ವಿಷಯ ಗಮನಿಸಿ. ಸತ್ತವರ ಮನೆಯವರು ಎದುರಿಗಿದ್ದರೂ ಇದೇ ಮಾತು ಹೇಳ್ತಾರಾ? ಬೈದಾಗ ಕಾರಣ ಕೊಡ್ತಾರಾ, ಇಲ್ಲಾ ತಮ್ಮ ಗುರುತಿನ ಚೀಟಿ ತೋರಿಸ್ತಾರಾ? ಇವತ್ತು ಹೇಳಿದ್ದನ್ನು ನಾಳೆಯೂ ‘ಹೌದು, ಹೇಳಿದ್ದೇನೆ’ ಅಂತಾರಾ?

ಆ ಜೂನಿನಲ್ಲಿ ಶಾಲೆ ಶುರುವಾದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, “ಟೀಚರ್, ಯುದ್ಧ ಬೇಡ ಅಂತ ನಾವು ಪ್ರಬಂಧದಲ್ಲಿ ಬರೀಬಹುದಾ?” ‘ನಾವು’ ಅನ್ನೋ ಪದವನ್ನು ಅವಳು ಒತ್ತಿ ಹೇಳಿದಳು. ನಾನು ಒಂದು ಕ್ಷಣ ತಡೆದೆ, ಆಮೇಲೆ ಬರಿ ಅಂದೆ. ಆ ಒಂದು ಕ್ಷಣ ತಡೆದದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ. ಅವಳು ಬರೆದಳು. ಕೊಂದವರಿಗೆ ಶಿಕ್ಷೆಯಾಗಬೇಕು ಅಂತ ಮೊದಲ ಸಾಲು, ಡೊಂಬಿವಲಿಯ ಮನೆಗಳ ಬಗ್ಗೆ ಎರಡನೆಯದು, ಯುದ್ಧ ಯಾಕೆ ಬೇಡ ಅನ್ನೋದು ಆಮೇಲೆ. ತಾನು ಯಾರು, ಎಷ್ಟು ದೇಶಭಕ್ತೆ ಅಂತ ಎಲ್ಲೂ ಬರೆದಿರಲಿಲ್ಲ.