ಯಾವ ಕಾರಂತರು?

ನಾನು ಸೂಚೀಕರಣದ ಕೆಲಸ ನೋಡಿಕೊಳ್ಳುತ್ತಿದ್ದ ಗ್ರಂಥಾಲಯಕ್ಕೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬಂದು, ‘ಚೋಮನ ದುಡಿ’ಗೆ ಸಂಬಂಧಪಟ್ಟದ್ದೆಲ್ಲ ಬೇಕು ಎಂದಳು. ಕಾದಂಬರಿ, ಅದರ ಅನುವಾದ, ಸಿನಿಮಾದ ಬಗ್ಗೆ ಬಂದ ಬರಹ, ಎಲ್ಲವೂ. ಲೇಖಕರ ಹೆಸರು ಹಾಕಿ ಹುಡುಕಿದೆ. ‘ಕಾರಂತ, ಶಿವರಾಮ’ ಎಂದು ಕೆಲವು ಪುಸ್ತಕ ಬಂದವು, ‘ಶಿವರಾಮ ಕಾರಂತ ಕೆ.’ ಎಂದು ಇನ್ನು ಕೆಲವು. ‘ಕೋಟ ಶಿವರಾಮ ಕಾರಂತ’ ಬೇರೆ, ‘ಕಾರಂತ ಡಾ.’ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಕೊನೆಗೆ ಎಚ್ ಇರುವ ಕಾರಂತ ಒಂದು ಕಡೆ, ಇಲ್ಲದ ಕಾರಂತ ಇನ್ನೊಂದು ಕಡೆ. ಬರೀ ‘ಕಾರಂತ’ ಎಂದಿದ್ದಲ್ಲಿ ತೆರೆದು ನೋಡಿದರೆ, ಶಿವರಾಮ ಕಾರಂತರ ಪುಸ್ತಕಗಳ ನಡುವೆ ಬಿ.ವಿ. ಕಾರಂತರ ರಂಗಭೂಮಿಯ ಪುಸ್ತಕ ಸೇರಿಕೊಂಡಿತ್ತು. 1933ರಲ್ಲಿ ಕಾದಂಬರಿ ಬರೆದವರು ಒಬ್ಬರು, 1975ರಲ್ಲಿ ಅದನ್ನು ಸಿನಿಮಾ ಮಾಡಿದವರು ಇನ್ನೊಬ್ಬರು. ನಮ್ಮ ಸೂಚಿಯಲ್ಲಿ ಒಬ್ಬರೇ ಆರು ಜನರಾಗಿದ್ದರು, ಇಬ್ಬರು ಸೇರಿ ಒಬ್ಬರಾಗಿದ್ದರು. ಯು.ಆರ್. ಕಲ್ಕೂರರ ಅನುವಾದ ‘ಚೋಮಾಸ್ ಡ್ರಮ್’ ಇಂಗ್ಲಿಷ್ ಪುಸ್ತಕಗಳ ಕಪಾಟಿನಲ್ಲೇ ಇತ್ತು. ಹುಡುಕಾಟದಲ್ಲಿ ಸಿಗಲಿಲ್ಲ, ಅವಳು ಅದನ್ನು ನೋಡದೆಯೇ ಹೋದಳು.

ಗ್ರಂಥಾಲಯಗಳ ಸೂಚಿಯನ್ನು ಲಿಂಕ್ಡ್ ಓಪನ್ ಡೇಟಾಕ್ಕೆ, ಅಂದರೆ ಒಂದಕ್ಕೊಂದು ಕೊಂಡಿ ಬೆಸೆದ ಮುಕ್ತ ದತ್ತಾಂಶಕ್ಕೆ, ಜೋಡಿಸಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಆ ಹುಡುಗಿ ನೆನಪಾಗುತ್ತಾಳೆ. ಈ ಪದ್ಧತಿಯಿಂದ ಅವಳಿಗೆ ಆ ಪುಸ್ತಕ ಸಿಗುತ್ತಿತ್ತೇ? ನಾನು ಇದನ್ನು ಅಳೆಯುವುದು ಈ ಪ್ರಶ್ನೆಯಿಂದ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1960ರ ದಶಕದಲ್ಲಿ ಹೆನ್ರಿಯೆಟ್ ಅವ್ರಮ್ ಮುಂದೆ ನಿಂತು ರೂಪಿಸಿದ ಮಾರ್ಕ್ ಎಂಬ ನಮೂನೆ, ಕಾರ್ಡಿನ ಡ್ರಾಯರನ್ನು ಕಂಪ್ಯೂಟರಿಗೆ ತಂದಿತು. 100ನೆಯ ಫೀಲ್ಡಿನಲ್ಲಿ ಲೇಖಕ, 245ರಲ್ಲಿ ಶೀರ್ಷಿಕೆ. ಇವತ್ತಿಗೂ ನಮ್ಮ ಗ್ರಂಥಾಲಯದ ಕೋಹಾ ಎಂಬ ತಂತ್ರಾಂಶ ತೆರೆದರೆ ಕಾಣುವುದು ಇದೇ. ಅದು ದೊಡ್ಡ ಕೆಲಸ. ಆದರೆ ಅಲ್ಲಿ ಹೆಸರೆಂದರೆ ಮೂಲತಃ ಅಕ್ಷರಗಳ ಸಾಲು. ಸಾಲಿನಲ್ಲಿ ಒಂದು ಚುಕ್ಕಿ ಹೆಚ್ಚಾದರೂ ಯಂತ್ರದ ಕಣ್ಣಿಗೆ ಬೇರೆ ಮನುಷ್ಯ. ವರ್ಲ್ಡ್ ವೈಡ್ ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ 2006ರಲ್ಲಿ ಮುಂದಿಟ್ಟ ದಾರಿಯಲ್ಲಿ ಪ್ರತಿ ವ್ಯಕ್ತಿಗೆ, ಪ್ರತಿ ಕೃತಿಗೆ ಅಂತರ್ಜಾಲದಲ್ಲಿ ಒಂದು ಸ್ಥಿರ ವಿಳಾಸ. ಕಾದಂಬರಿಗೊಂದು, ಸಿನಿಮಾಕ್ಕೊಂದು, ಇಬ್ಬರು ಕಾರಂತರಿಗೆ ಒಂದೊಂದು. ಇದು ಅದನ್ನು ಆಧರಿಸಿದ್ದು, ಇದು ಅದರ ಅನುವಾದ ಎಂಬ ಸಂಬಂಧಗಳೂ ಯಂತ್ರ ಓದುವಂತೆ ದಾಖಲಾಗುತ್ತವೆ. ಮುಕ್ತ ಎಂದರೆ ಇದನ್ನೆಲ್ಲ ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಬಳಸಬಹುದು. ಜರ್ಮನಿಯ ರಾಷ್ಟ್ರೀಯ ಗ್ರಂಥಾಲಯ ತನ್ನ ಹೆಸರುಗಳ ಅಧಿಕೃತ ಪಟ್ಟಿಯನ್ನು 2012ರಲ್ಲಿ ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು.

ಇದನ್ನು ನಿಜವಾಗಿ ಮಾಡಿ ತೋರಿಸಿದ್ದರಲ್ಲಿ ನನಗೆ ಮುಖ್ಯವೆನಿಸುವುದು ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯ ನಡೆಸುವ ಲಿಬ್ರಿಸ್ ಎಂಬ ಸಂಯುಕ್ತ ಸೂಚಿ. 2008ರಲ್ಲೇ ಅದು ತನ್ನ ನಮೂದುಗಳನ್ನು ಲಿಂಕ್ಡ್ ಡೇಟಾ ಆಗಿ ಹೊರಗೆ ಕೊಟ್ಟಿತು. ಆದರೆ ಅದು ಪರಿವರ್ತಿಸಿಟ್ಟ ನಕಲು. ಒಳಗೆ ಸೂಚಿಕಾರರು ಮೊದಲಿನಂತೆ ಮಾರ್ಕ್‌ನಲ್ಲೇ ಬರೆಯುತ್ತಿದ್ದರು. ಒಳಗಿನ ಪಟ್ಟಿಯಲ್ಲಿ ಆರು ಕಾರಂತರಿದ್ದರೆ ಹೊರಗಿನ ನಕಲಿನಲ್ಲೂ ಆರು ಕಾರಂತರು, ಆರೂ ಜನಕ್ಕೆ ಒಳ್ಳೆಯ ವಿಳಾಸ! ಹತ್ತು ವರ್ಷದ ಮೇಲೆ, 2018ರಲ್ಲಿ, ಅವರು ಅಡಿಪಾಯವನ್ನೇ ಬದಲಿಸಿ ಬಿಬ್‌ಫ್ರೇಮ್ ಎಂಬ ಹೊಸ ಮಾದರಿಯ ಮೇಲೆ ಸೂಚಿಯನ್ನು ಕಟ್ಟಿದರು. ಹೆಸರನ್ನು ಟೈಪು ಮಾಡಿ ಮುಗಿಸುವ ಬದಲು, ಇರುವ ವ್ಯಕ್ತಿಯನ್ನು ಹುಡುಕಿ ಪುಸ್ತಕಕ್ಕೆ ಜೋಡಿಸುವುದು ದಿನದ ಕೆಲಸವಾಯಿತು. ಮೊದಲನೆಯ ಪ್ರಯತ್ನಕ್ಕಿಂತ ಎರಡನೆಯದು ಬಹಳ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸುತ್ತಲಿನ ಗ್ರಂಥಾಲಯಗಳ ತಂತ್ರಾಂಶ ಇನ್ನೂ ಮಾರ್ಕ್ ಕೇಳುವುದರಿಂದ ಅದಕ್ಕೂ ಒದಗಿಸಬೇಕಾಗಿರುವುದು ಅವರಿಗೆ ಉಳಿದ ಹೊರೆ.

ನಮ್ಮ ಕಾಲೇಜು ಗ್ರಂಥಾಲಯಗಳಿಗೆ ಅಂಥ ಬಲವಿಲ್ಲ. ನಮಗೆ ಎಟುಕುವ ಆಸರೆ ಎರಡು. ಹಲವು ರಾಷ್ಟ್ರೀಯ ಗ್ರಂಥಾಲಯಗಳ ಪಟ್ಟಿಗಳನ್ನು ಸೇರಿಸಿ ಕಟ್ಟಿದ ವಿಯಾಫ್ ಒಂದು. 2012ರಲ್ಲಿ ಶುರುವಾದ ವಿಕಿಡೇಟಾ ಎಂಬ ಮುಕ್ತ ದತ್ತಾಂಶ ಭಂಡಾರ ಇನ್ನೊಂದು. ವಿಯಾಫ್‌ನಲ್ಲಿ ಹೆಸರುಗಳನ್ನು ಒಟ್ಟುಗೂಡಿಸುವುದು ಯಂತ್ರ. ಹುಟ್ಟಿದ ವರ್ಷ ಕೊಡದ, ಒಂದೆರಡು ಪುಸ್ತಕವಷ್ಟೇ ಬರೆದ ಲೇಖಕರಲ್ಲಿ ಅದು ಎಡವುತ್ತದೆ, ಮತ್ತು ಕನ್ನಡದಲ್ಲಿ ಅಂಥವರು ಬಹಳ. ವಿಕಿಡೇಟಾದಲ್ಲಿ ತಪ್ಪು ಕಂಡವರು ಆಗಲೇ ತಿದ್ದಬಹುದು, ಹೆಸರನ್ನು ಕನ್ನಡ ಲಿಪಿಯಲ್ಲೇ ಸೇರಿಸಬಹುದು. ತಿದ್ದಿದ್ದನ್ನು ಇನ್ನೊಬ್ಬರು ಕೆಡಿಸಲೂಬಹುದು. ಆದರೂ ನನ್ನ ಒಲವು ಅದರ ಕಡೆಗೇ.

ಕಾರಣ ಲಿಪಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ 1962ರಲ್ಲಿ ಶುರುವಾದದ್ದು. ಅದರ ಮೂಲಕ ಕನ್ನಡ ಪುಸ್ತಕಗಳು ಅಮೆರಿಕದ ಗ್ರಂಥಾಲಯಗಳನ್ನು ಸೇರಿದವು. ಅಲ್ಲಿನ ಸೂಚಿಯಲ್ಲಿ ನಮ್ಮ ಲೇಖಕರು ರೋಮನ್ ಲಿಪಿಯಲ್ಲಿದ್ದಾರೆ: ದೀರ್ಘಕ್ಕೆ ತಲೆಯ ಮೇಲೆ ಗೆರೆ, ಟ-ಡ-ಣಗಳಿಗೆ ಕಾಲಡಿ ಚುಕ್ಕಿ. ಶ್ರದ್ಧೆಯಿಂದ ಮಾಡಿದ ಕೆಲಸ, ಅದಕ್ಕೆ ನಾನು ಕೃತಜ್ಞ. ಆದರೆ ಕನ್ನಡ ಲೇಖಕ ಯಾರು ಎಂಬ ತೀರ್ಮಾನ ಕನ್ನಡ ಬಲ್ಲ ಕಡೆ, ಕನ್ನಡ ಲಿಪಿಯಲ್ಲಿ ಆಗಬೇಕು. ಯು.ಆರ್. ಅನಂತಮೂರ್ತಿ ಎಂಬಲ್ಲಿ ಉಡುಪಿ ಊರು, ರಾಜಗೋಪಾಲಾಚಾರ್ಯ ತಂದೆ, ಮನೆತನದ ಹೆಸರೆಂಬುದೇ ಇಲ್ಲ. ‘ಆನಂದ’ ಎಂದರೆ ಅಜ್ಜಂಪುರ ಸೀತಾರಾಂ, ‘ಆನಂದಕಂದ’ ಎಂದರೆ ಬೆಟಗೇರಿ ಕೃಷ್ಣಶರ್ಮ; ಅಕ್ಷರ ಹೋಲಿಸುವ ಯಂತ್ರಕ್ಕೆ ಇವರಿಬ್ಬರೂ ನೆಂಟರು. ಮುದ್ದಣನಂತೂ ತಾನೇ ಬರೆದ ಕಾವ್ಯವನ್ನು ಹಳೆಯ ಕಾಲದ ಕೃತಿಯೆಂದು ಹೇಳಿ ಪ್ರಕಟಣೆಗೆ ಕಳಿಸಿದವನು. ಮುಖಪುಟ ಹೇಳುವುದು ಒಂದು, ಸಾಹಿತ್ಯ ಚರಿತ್ರೆ ಹೇಳುವುದು ಇನ್ನೊಂದು. ವಿಕಿಡೇಟಾದಲ್ಲಿ ಎರಡನ್ನೂ ಆಧಾರ ಸಮೇತ ದಾಖಲಿಸಲು ಜಾಗವಿದೆ. ಹಳೆಯ ಕಾರ್ಡಿನಲ್ಲಿ ಇದಕ್ಕೆ ಪೆನ್ಸಿಲ್ ಟಿಪ್ಪಣಿಯೇ ಗತಿಯಾಗಿತ್ತು.

ಹಾಗಾಗಿ, ಇಡೀ ಸೂಚಿಯನ್ನು ಒಂದೇ ಏಟಿಗೆ ಹೊಸ ನಮೂನೆಗೆ ಪರಿವರ್ತಿಸಿಕೊಡುತ್ತೇವೆ ಎಂಬ ಯೋಜನೆಗಳನ್ನು ನಾನು ಒಪ್ಪುವುದಿಲ್ಲ. ನಾನು ಕಂಡ ಒಂದು ಸೂಚಿಯಲ್ಲಿ ಹಳೆಯ ನಮೂದುಗಳೆಲ್ಲ ಯೂನಿಕೋಡ್ ಬರುವ ಮೊದಲಿನ ಫಾಂಟಿನಲ್ಲಿ ಟೈಪಾಗಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದಕ್ಕೆ ಕೊಂಡಿ ಹಾಕುವುದಾದರೂ ಯಾವುದಕ್ಕೆ?

ನನಗೆ ಫಲ ಕೊಟ್ಟದ್ದು ಸಣ್ಣ ಕ್ರಮ. ಕೋಹಾದಿಂದ ಲೇಖಕರ ಹೆಸರಿನ ಪಟ್ಟಿಯನ್ನು ಮಾತ್ರ ತೆಗೆದು, ಯೂನಿಕೋಡಿಗೆ ತಂದು, ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದೆ. ಅದು ಒಂದೊಂದು ಹೆಸರನ್ನೂ ವಿಕಿಡೇಟಾದಲ್ಲಿ ಹುಡುಕಿ, ಇವರಿರಬಹುದು ಎಂದು ಕೆಲವರನ್ನು ತೋರಿಸುತ್ತದೆ. ಒಪ್ಪುವುದು ಬಿಡುವುದು ನಮ್ಮ ಕೈಯಲ್ಲಿ. ‘ಕಾರಂತ’ ಎಂಬ ಸಾಲಿಗೆ ಇಬ್ಬರೂ ಬಂದರು. 1902 ಮತ್ತು 1929, ಹುಟ್ಟಿದ ವರ್ಷಗಳು ಎದುರಿಗಿದ್ದವು. ಆ ಸಾಲಿನ ಪುಸ್ತಕಗಳನ್ನು ಕಪಾಟಿನಿಂದ ತರಿಸಿ, ಒಂದೊಂದರ ಒಳಪುಟ ನೋಡಿ, ಇವು ಇವರದು, ಅದು ಅವರದು ಎಂದು ಗುರುತು ಹಾಕಿದೆ. ವಿಕಿಡೇಟಾದಲ್ಲಿ ಅವರಿಗಿರುವ ವಿಳಾಸ ಕೂರಿಸಲು ಮಾರ್ಕ್‌ನ 100ನೆಯ ಫೀಲ್ಡಿನಲ್ಲೇ ಸಬ್‌ಫೀಲ್ಡ್ ಇದೆ, ತಂತ್ರಾಂಶ ಬದಲಿಸಬೇಕಾಗಿಲ್ಲ. ಆರು ಕಾರಂತರು ಒಬ್ಬರಾದರು, ‘ಚೋಮಾಸ್ ಡ್ರಮ್’ ಮೂಲ ಕಾದಂಬರಿಯ ಪಕ್ಕಕ್ಕೆ ಬಂತು.

ಕೆಲವು ಸಾಲುಗಳು ಹಾಗೇ ಉಳಿದವು. ಎರಡು ಇನಿಶಿಯಲ್ ಮತ್ತು ‘ರಾವ್’, ಅಷ್ಟೇ ಇರುವ ಒಂದು ಕವನ ಸಂಕಲನ ಇತ್ತು. ಹೊದಿಕೆ ಹೋಗಿದೆ, ಮುನ್ನುಡಿಯ ಹಾಳೆಯೂ ಇಲ್ಲ. ತಂತ್ರಾಂಶ ಮೂವರು ರಾವ್‌ಗಳನ್ನು ಮುಂದಿಟ್ಟಿತು. ಯಾರನ್ನೂ ಒಪ್ಪದೆ ಆ ಜಾಗವನ್ನು ಖಾಲಿ ಬಿಟ್ಟು, ಊರಿನ ಹಿರಿಯ ಓದುಗರನ್ನು ಕೇಳಬೇಕು ಎಂದು ಟಿಪ್ಪಣಿ ಬರೆದಿಟ್ಟಿದ್ದೇನೆ.