ನೀರು ಸೋಸುವ ಅರಿವೆ ಮತ್ತು ನಮ್ಮ ಚರಿತ್ರೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಜೈನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬಸದಿ, ಶಾಸನ, ವಿಗ್ರಹಗಳನ್ನೇ ಆಧಾರವಾಗಿ ಹಿಡಿಯುತ್ತಾರೆ. ಈ ಕ್ರಮ ತಪ್ಪಲ್ಲ, ಆದರೆ ಅಪೂರ್ಣ. ಕಲ್ಲು ದತ್ತಿ ಕೊಟ್ಟವರ ಹೆಸರನ್ನು ಉಳಿಸುತ್ತದೆ. ದಿನದಿನವೂ ಆಚಾರವನ್ನು ನಡೆಸಿಕೊಂಡು ಬಂದ ಮನೆಯನ್ನು ಉಳಿಸುವುದಿಲ್ಲ. ಆ ಮನೆಯ ಸಂಸ್ಕೃತಿಯನ್ನು ಅರಿಯಬೇಕಾದರೆ ಅಲ್ಲಿ ನಿತ್ಯ ಬಳಕೆಯಾದ ವಸ್ತುಗಳನ್ನು ಓದಬೇಕು.

ಶಿಗ್ಗಾವಿ ತಾಲೂಕಿನ ಬಂಕಾಪುರವನ್ನೇ ನೋಡೋಣ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಶಕವರ್ಷ 820ರಲ್ಲಿ ಪೂಜೆ ಸಂದದ್ದು ಅಲ್ಲಿ. ಹತ್ತನೆಯ ಶತಮಾನದಲ್ಲಿ ಗಂಗ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡದ್ದೂ ಅಲ್ಲಿಯೇ. ಈ ಸಂಗತಿಗಳನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅಂಥ ಗ್ರಂಥವನ್ನೂ ಅಂಥ ಮರಣವನ್ನೂ ಗೌರವಿಸಬಲ್ಲ ಸಮಾಜವು ಮೊದಲು ಅಡುಗೆಮನೆಯಲ್ಲಿ ರೂಪುಗೊಳ್ಳುತ್ತದೆ ಎಂಬುದನ್ನು ಮರೆಯುತ್ತೇವೆ.

ನೀರು ಸೋಸುವ ಅರಿವೆ ಇದಕ್ಕೆ ಸಾಕ್ಷಿ. ಹದಿಮೂರನೆಯ ಶತಮಾನದ ಆಶಾಧರ ಪಂಡಿತರು ಸಾಗಾರಧರ್ಮಾಮೃತದಲ್ಲಿ ಜಲಗಾಲನವನ್ನು ಶ್ರಾವಕನ ಮೂಲಗುಣಗಳ ಸಾಲಿನಲ್ಲಿ ಸೇರಿಸಿದ್ದಾರೆ. ಗಟ್ಟಿ ನೇಯ್ಗೆಯ ಅರಿವೆಯನ್ನು ಎರಡು ಪದರವಾಗಿ ಮಡಿಸಿ ನೀರು ಸೋಸುವುದು ಕ್ರಿಯೆಯ ಅರ್ಧ ಮಾತ್ರ. ಬಳಿಕ ಅರಿವೆಯನ್ನು ಮಗುಚಿ, ಸೋಸಿದ ನೀರನ್ನೇ ಹನಿಸಿ, ಅದರಲ್ಲಿ ಉಳಿದ ಜೀವಗಳನ್ನು ಸೇದಿದ ಬಾವಿಗೇ ಮೆಲ್ಲನೆ ಮರಳಿಸಬೇಕು. ಈ ಎರಡನೆಯ ಅರ್ಧದಲ್ಲಿಯೇ ಧರ್ಮವಿದೆ.

ಇಂದಿನ ಶುದ್ಧೀಕರಣ ಯಂತ್ರವೂ ನೀರನ್ನು ಸೋಸುತ್ತದೆ. ಆದರೆ ಅದರ ಕಾಳಜಿಯೆಲ್ಲ ಕುಡಿಯುವವನ ಆರೋಗ್ಯ. ಅರಿವೆಯ ಕಾಳಜಿ ನೀರಿನೊಳಗಿನ ಜೀವದ ಕಡೆಗೂ ಇತ್ತು. ಯಂತ್ರ ಬಂದುದರಿಂದ ಅರಿವೆ ಅನಾವಶ್ಯಕವಾಯಿತೆಂಬ ಮಾತು ಆದುದರಿಂದ ವಿಚಾರಕ್ಕೆ ನಿಲ್ಲದು.

ನಲ್ಲಿಯ ನೀರನ್ನು ಎಲ್ಲಿಗೆ ಮರಳಿಸುವುದು ಎಂಬ ಪ್ರಶ್ನೆ ನ್ಯಾಯವಾದುದೇ. ಹಳೆಯ ರೂಪದಲ್ಲಿ ಅದು ಸಾಧ್ಯವಿಲ್ಲದ ಕಡೆ, ಅದರ ಹಿಂದಿನ ಎಚ್ಚರವನ್ನು ಬೇರೆ ರೂಪದಲ್ಲಿ ಉಳಿಸಿಕೊಳ್ಳಬೇಕು. ನೀರನ್ನು ಮಿತವಾಗಿ ಬಳಸುವುದು, ಯಂತ್ರವು ಹೊರಚೆಲ್ಲುವ ನೀರನ್ನು ಪೋಲು ಮಾಡದಿರುವುದು, ಕೆರೆ ಬಾವಿಗಳನ್ನು ಹೊಲಸು ಮಾಡದಿರುವುದು ಇಂದಿನ ಜೀವದಯೆಯೇ ಆಗಿವೆ.

ಪಿಂಛಿಯ ವಿಷಯದಲ್ಲಿಯೂ ಇದೇ ಮಾತು. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಅದನ್ನು ಕಟ್ಟುತ್ತಾರೆ. ಪಿಂಛಿ ಪರಿವರ್ತನೆಯಲ್ಲಿ ಮುನಿಗಳ ಹಳೆಯ ಪಿಂಛಿಯನ್ನು ಪಡೆಯುವ ಶ್ರಾವಕನು ವ್ರತ ನಿಯಮಗಳನ್ನು ಸ್ವೀಕರಿಸುತ್ತಾನೆ. ಗಾಜಿನ ಕಪಾಟಿನಲ್ಲಿ ಪಿಂಛಿ ಉಳಿದು ವ್ರತ ಅಳಿದರೆ, ಉಳಿದದ್ದು ಗರಿ ಮಾತ್ರ.

ಬಸದಿಗಳ ಟ್ರಸ್ಟುಗಳು ಹಳೆಯ ವಸ್ತುಗಳನ್ನು ಸಂಗ್ರಹಿಸುವುದು ಸ್ತುತ್ಯ ಕಾರ್ಯ. ಆದರೆ ವಸ್ತುವಿನ ಹೆಸರು, ದಾನಿಯ ಹೆಸರು ಬರೆದರೆ ಸಾಲದು. ಅದನ್ನು ಯಾರು, ಯಾವ ಹೊತ್ತಿನಲ್ಲಿ, ಹೇಗೆ, ಯಾವ ಜೀವದ ಮೇಲಣ ದಯೆಯಿಂದ ಬಳಸುತ್ತಿದ್ದರು ಎಂಬುದನ್ನು ಹಿರಿಯ ಶ್ರಾವಿಕೆಯರಿಂದ ಕೇಳಿ ಬರೆದಿಡಬೇಕು. ಅವರು ಇರುವಾಗಲೇ ಈ ಕೆಲಸ ಆಗಬೇಕು. ಕಲ್ಲು ಕಾಯಬಲ್ಲದು, ಅರಿವೆ ಕಾಯದು.