ಲಾಂದ್ರ ಕೊಡುವ ಕೈ, ಬಾಟಲಿ ಹಿಡಿಸುವ ಕೈ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜಿದೆ. 1885ರಲ್ಲಿ ಪಾಠ ಶುರುಮಾಡಿದ ಈ ಕಾಲೇಜಿನ ಹಳೆಯ ಗ್ರಂಥಾಲಯದ ಕಲ್ಲಿನ ಅಂಗಳದಲ್ಲಿ ಪ್ರತಿ ವರ್ಷ ಒಂದು ರಾತ್ರಿ ಮೊದಲ ವರ್ಷದ ವಿದ್ಯಾರ್ಥಿನಿಯರು ಕಪ್ಪು ಗೌನು ತೊಟ್ಟು ಸಾಲಾಗಿ ನಿಲ್ಲುತ್ತಾರೆ. ಸುತ್ತ ಕತ್ತಲು, ಯಾರ ಬಾಯಲ್ಲೂ ಮಾತಿಲ್ಲ. ಎರಡನೇ ವರ್ಷದವರು ಲಾಂದ್ರಗಳನ್ನು ತಂದು ಒಬ್ಬೊಬ್ಬರಿಗೆ ಒಂದೊಂದರಂತೆ ಕೊಡುತ್ತಾರೆ. ಕೆಂಪು, ಹಸಿರು, ಕಡು ನೀಲಿ, ತಿಳಿ ನೀಲಿ ಎಂಬ ನಾಲ್ಕು ಬಣ್ಣಗಳಲ್ಲಿ ಆ ವರ್ಷ ಬಂದವರಿಗೆ ಯಾವುದರ ಸರದಿಯೋ ಆ ಬಣ್ಣದ ಗಾಜು ಅವರ ಲಾಂದ್ರಕ್ಕೆ. ಆಮೇಲೆ ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಅಥೀನಾ ದೇವತೆಯ ಸ್ತುತಿ ಕೇಳಿಬರುತ್ತದೆ. ‘ಲಾಂದ್ರದ ರಾತ್ರಿ’ ಮುಗಿಯುವ ಹೊತ್ತಿಗೆ ಹೊಸಬರ ಕೈಯಲ್ಲಿ ಒಂದು ದೀಪ ಉಳಿದಿರುತ್ತದೆ.

ಅದೇ ರಾಜ್ಯದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2017ರ ಫೆಬ್ರವರಿ 2ರ ರಾತ್ರಿ ಬೇರೊಂದು ಬಗೆಯ ಸ್ವಾಗತ ನಡೆಯಿತು. ಬೀಟಾ ಥೀಟಾ ಪೈ ಎಂಬ ಫ್ರಟರ್ನಿಟಿಗೆ, ಅಂದರೆ ಗಂಡುಹುಡುಗರ ಸಂಘಕ್ಕೆ, ಸೇರಲು ಹೋಗಿದ್ದ 19 ವರ್ಷದ ಟಿಮೊಥಿ ಪಿಯಾಝಾನಿಗೆ ಹಳಬರು ಒಂದರ ಮೇಲೊಂದರಂತೆ ಮದ್ಯ ಕುಡಿಸಿದರು. ಆತ ನೆಲಮಾಳಿಗೆಯ ಮೆಟ್ಟಿಲಿಂದ ಉರುಳಿಬಿದ್ದ. ಎತ್ತಿ ತಂದು ಸೋಫಾದ ಮೇಲೆ ಮಲಗಿಸಿದರು. ವಾಂತಿ ಗಂಟಲಿಗೆ ಸಿಕ್ಕೀತೆಂದು, ಅಂಗಾತ ಹೊರಳದ ಹಾಗೆ ಪುಸ್ತಕ ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿದರು. ಆಂಬುಲೆನ್ಸ್ ಕರೆಯೋಣ ಎಂದ ಹುಡುಗನೊಬ್ಬನನ್ನು ನೂಕಿ ಸುಮ್ಮನಾಗಿಸಿದರು. ಸಹಾಯಕ್ಕೆ ಫೋನ್ ಹೋಗುವಾಗ ಸುಮಾರು ಹನ್ನೆರಡು ಗಂಟೆ ಕಳೆದಿತ್ತು. ಫೆಬ್ರವರಿ 4ರಂದು ಆತ ತೀರಿಕೊಂಡ. ಇದೆಲ್ಲದರ ಬಹುಪಾಲು ಆ ಮನೆಯ ಕ್ಯಾಮೆರಾಗಳಲ್ಲೇ ದಾಖಲಾಗಿತ್ತು.

ಎರಡಕ್ಕೂ ಅಲ್ಲಿ ‘ಸಂಪ್ರದಾಯ’ ಎಂಬ ಒಂದೇ ಹೆಸರಿದೆ. ಒಂದರ ಗೌರವವನ್ನು ಇನ್ನೊಂದು ಹೊದ್ದುಕೊಳ್ಳಲು ದಾರಿಯಾಗಿರುವುದೇ ಈ ಹೆಸರು. ಆದ್ದರಿಂದ ಅಮೆರಿಕದ ಕಾಲೇಜುಗಳ ಹಳೆಯ ಪದ್ಧತಿಗಳನ್ನು ಒಟ್ಟಾಗಿ ಹೊಗಳುವುದೂ ತಪ್ಪು, ಒಟ್ಟಾಗಿ ತೆಗಳುವುದೂ ತಪ್ಪು. ಒಂದೊಂದನ್ನೂ ಬಿಡಿಸಿ ನೋಡಬೇಕು.

ಮೊದಲಿಗೆ ಇತಿಹಾಸ. 1636ರಲ್ಲಿ ಸ್ಥಾಪನೆಯಾದ ಹಾರ್ವರ್ಡ್‌ನಲ್ಲಿ ಮೊದಲ ವರ್ಷದವರು ಹಿರಿಯರ ಚಾಕರಿ ಮಾಡುವುದನ್ನು ಇಂಗ್ಲೆಂಡಿನಿಂದ ಬಂದ ಶಿಸ್ತೆಂದು ತಿಳಿದಿದ್ದರು. 18ನೆಯ ಶತಮಾನದ ನಿಯಮಗಳ ಪ್ರಕಾರ ಹೊಸಬ ಕಾಲೇಜಿನ ಅಂಗಳದಲ್ಲಿ ಟೋಪಿ ಹಾಕುವಂತಿರಲಿಲ್ಲ. ಮಳೆ, ಆಲಿಕಲ್ಲು, ಹಿಮ ಬೀಳುತ್ತಿದ್ದರೆ ಮಾತ್ರ ವಿನಾಯಿತಿ. ಸೀನಿಯರ್ ಹೇಳಿದ ಕಡೆಗೆ ಓಡಿ ಹೇಳಿದ್ದನ್ನು ತಂದುಕೊಡಬೇಕಿತ್ತು. ಹೊಸಬರನ್ನು ಹೊಡೆದು ಪೀಡಿಸಿದ್ದಕ್ಕೆ ವಿದ್ಯಾರ್ಥಿಯೊಬ್ಬನನ್ನು ಹೊರಹಾಕಿದ ಘಟನೆ ಅಲ್ಲಿ 1684ರಷ್ಟು ಹಿಂದೆಯೇ ನಡೆದಿದೆ. ಅಂದರೆ ಪದ್ಧತಿ ಎಷ್ಟು ಹಳೆಯದೋ ಅದರ ಮೇಲಿನ ದೂರೂ ಅಷ್ಟೇ ಹಳೆಯದು. ‘ಆಗಿನ ಕಾಲದಲ್ಲಿ ಯಾರೂ ತಪ್ಪೆನ್ನುತ್ತಿರಲಿಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಬೀಟಾ ಥೀಟಾ ಪೈಯಂಥ, ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಸಂಘಗಳ ಕಥೆ ಬೇರೆ. 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನ ಕೆಲವು ಹುಡುಗರು ಫೈ ಬೀಟಾ ಕಪ್ಪಾ ಕಟ್ಟಿಕೊಂಡರು. ಗುಟ್ಟಿನ ಪ್ರಮಾಣ, ಗುಟ್ಟಿನ ಹಸ್ತಲಾಘವ ಇದ್ದರೂ ಅವರು ಸೇರುತ್ತಿದ್ದುದು ಚರ್ಚೆಗೆ. 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಹುಟ್ಟಿದ ಮೇಲೆ ಇಂಥ ಸಂಘಗಳು ಊರೂರಿಗೆ ಹಬ್ಬಿದವು. ಗಂಡಸರ ಸಂಘದೊಳಗೆ ಜಾಗ ಸಿಗದ ಹೆಣ್ಣುಮಕ್ಕಳು 1870ರಲ್ಲಿ ಕಪ್ಪಾ ಆಲ್ಫಾ ಥೀಟಾ ಕಟ್ಟಿಕೊಂಡರು. ಇಂಥ ಸಂಘಗಳಿಗೇ ಮುಂದೆ ಸೊರಾರಿಟಿ ಎಂಬ ಹೆಸರು ಬಂತು. ಬಿಳಿಯರ ಸಂಘಗಳಿಂದ ಹೊರಗುಳಿದ ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಸ್ಥಾಪಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಅದರ ಸದಸ್ಯರಾಗಿದ್ದರು. ಹೊವಾರ್ಡ್ ವಿಶ್ವವಿದ್ಯಾಲಯದ ಡೆಲ್ಟಾ ಸಿಗ್ಮಾ ಥೀಟಾದ ಯುವತಿಯರು 1913ರಲ್ಲಿ ಸಂಘ ಕಟ್ಟಿದ ಎರಡೇ ತಿಂಗಳಿಗೆ ವಾಷಿಂಗ್‌ಟನ್ ಬೀದಿಯಲ್ಲಿ ಮಹಿಳಾ ಮತದಾನದ ಹಕ್ಕಿಗಾಗಿ ಹೆಜ್ಜೆ ಹಾಕಿದರು.

1990ರ ದಶಕದಲ್ಲಿ ದಕ್ಷಿಣ ಏಷ್ಯಾ ಮೂಲದ ಮಕ್ಕಳೂ ಇದೇ ದಾರಿ ಹಿಡಿದರು. 1998ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾದ ಡೆಲ್ಟಾ ಫೈ ಒಮೇಗಾ ಸೊರಾರಿಟಿಯೂ ಅದೇ ವರ್ಷ ಆಸ್ಟಿನ್‌ನಲ್ಲಿ ಶುರುವಾದ ಡೆಲ್ಟಾ ಎಪ್ಸಿಲಾನ್ ಸೈ ಫ್ರಟರ್ನಿಟಿಯೂ ಅಂಥವು. ಅಮೆರಿಕದಲ್ಲಿ ಬೆಳೆದ ಕನ್ನಡದ ಮನೆಗಳ ಮಕ್ಕಳಿಗೆ ಈ ಬಾಗಿಲುಗಳು ತೆರೆದಿವೆ. ಪರವೂರಿನಲ್ಲಿ, ಸಾವಿರಾರು ಅಪರಿಚಿತರ ನಡುವೆ, ನಮ್ಮವರು ಎನ್ನಲು ನಾಲ್ಕು ಜನ ಬೇಕೆನಿಸುವುದು ಸಹಜ. ಸಂಘದ ನಿಜವಾದ ಬಲ ಇರುವುದು ಅಲ್ಲಿ.

ಕೇಡು ಇರುವುದು ಬಾಗಿಲಲ್ಲಿ. ಸೇರಬಯಸಿದವನನ್ನು ಒಡನೆ ಸೇರಿಸಿಕೊಳ್ಳದೆ ಕೆಲವು ವಾರ ‘ಪ್ಲೆಜ್’ ಆಗಿ ಕಾಯಿಸುತ್ತಾರೆ. ಆ ವಾರಗಳಲ್ಲಿ ಆತ ಹೊರಗಿನವನೂ ಅಲ್ಲ, ಒಳಗಿನವನೂ ಅಲ್ಲ. ಮನೆ ಗುಡಿಸು ಎಂದರೆ ಗುಡಿಸಬೇಕು, ಸಂಘದ ಚರಿತ್ರೆ ಬಾಯಿಪಾಠ ಒಪ್ಪಿಸು ಎಂದರೆ ಒಪ್ಪಿಸಬೇಕು, ಬಾಟಲಿ ಮುಗಿಸು ಎಂದರೆ ಮುಗಿಸಬೇಕು. ಆಗುವುದಿಲ್ಲ ಎಂದರೆ ಅದುವರೆಗೆ ಪಟ್ಟ ಪಾಡೆಲ್ಲ ನೀರುಪಾಲು. ನಿದ್ದೆಗೆಡಿಸಿ, ಹೊಡೆದು, ಕುಡಿಸಿ ಪರೀಕ್ಷಿಸುವ ಈ ಹಿಂಸೆಗೆ ಅಲ್ಲಿ ಹೇಜಿಂಗ್ ಎನ್ನುತ್ತಾರೆ. 1873ರಲ್ಲಿ ಕಾರ್ನೆಲ್‌ನ ಮಾರ್ಟಿಮರ್ ಲೆಗೆಟ್ ಎಂಬ ಹುಡುಗ ಸಂಘದ ದೀಕ್ಷೆಯ ರಾತ್ರಿ ಕಮರಿಗೆ ಬಿದ್ದು ಸತ್ತ. ಹೇಜಿಂಗ್ ಸಾವುಗಳ ಲೆಕ್ಕವನ್ನು ದಶಕಗಳಿಂದ ಇಟ್ಟಿರುವ ಪತ್ರಕರ್ತ ಹ್ಯಾಂಕ್ ನೂವರ್ ಅವರ ದಾಖಲೆಯಂತೆ 1959ರಿಂದ 2021ರವರೆಗೆ ಒಂದಾದರೂ ಸಾವಿಲ್ಲದ ವರ್ಷವಿಲ್ಲ.

ಇದನ್ನು ಸಮರ್ಥಿಸುವವರ ಬಳಿ ಒಂದು ವಾದವಿದೆ: ಜೊತೆಯಾಗಿ ಕಷ್ಟಪಟ್ಟವರು ಜನ್ಮಪೂರ್ತಿ ಜೊತೆಗಿರುತ್ತಾರೆ. 1959ರಲ್ಲಿ ಎಲಿಯಟ್ ಆ್ಯರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗ ಈ ವಾದಕ್ಕೆ ಊರುಗೋಲಾಯಿತು. ಮುಜುಗರದ ಪರೀಕ್ಷೆ ದಾಟಿ ಗುಂಪು ಸೇರಿದವರು ಆ ಗುಂಪನ್ನು ಹೆಚ್ಚು ಮೆಚ್ಚಿದ್ದರು. ಆದರೆ ಅಲ್ಲಿನ ಪರೀಕ್ಷೆ ಎಂದರೆ ನಾಚಿಕೆ ತರಿಸುವ ಕೆಲವು ಮಾತುಗಳನ್ನು ಗಟ್ಟಿಯಾಗಿ ಓದುವುದು, ಅಷ್ಟೇ. ಸಂಶೋಧಕ ಆಲ್ಡೊ ಸಿಮಿನೊ ಮತ್ತು ಅವರ ಸಹಲೇಖಕ ನಿಜವಾದ ಫ್ರಟರ್ನಿಟಿಯೊಂದರ ಹೊಸಬರನ್ನು ಬೆನ್ನುಹತ್ತಿ ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೇಜಿಂಗ್‌ನಿಂದ ಒಗ್ಗಟ್ಟು ಹೆಚ್ಚುತ್ತದೆ ಎಂಬುದಕ್ಕೆ ಹೇಳಿಕೊಳ್ಳುವಂಥ ಆಧಾರ ಸಿಗಲಿಲ್ಲ. ಪಿಯಾಝಾ ಬಿದ್ದಿದ್ದ ಮನೆಯಲ್ಲಿ ‘ಸಹೋದರರು’ ತುಂಬಿದ್ದರೂ ಫೋನ್ ಎತ್ತಲು ಮರುದಿನ ಬೆಳಗಾಗಬೇಕಾಯಿತು. ಅದೇನು ಒಗ್ಗಟ್ಟು?

ಬಲವಂತ ಕಳಚಿದರೂ ಸಂಪ್ರದಾಯ ಬದುಕುತ್ತದೆ ಎಂಬುದಕ್ಕೆ ಜಾರ್ಜಿಯಾ ಟೆಕ್‌ನ ಹಳದಿ ಟೋಪಿ ಸಾಕ್ಷಿ. 1915ರಿಂದ ಅಲ್ಲಿ ಹೊಸಬರಿಗೆ ‘ರ್‍ಯಾಟ್ ಕ್ಯಾಪ್’ ಕೊಡುತ್ತಾರೆ. ಒಂದು ಕಾಲದಲ್ಲಿ ಟೋಪಿಯಿಲ್ಲದೆ ಸಿಕ್ಕಿಬಿದ್ದವನ ತಲೆಗೂದಲಿಗೆ ಕತ್ತರಿ ಬೀಳುತ್ತಿತ್ತು. ಈಗ ಕತ್ತರಿ ಹೋಗಿದೆ, ಟೋಪಿ ಇದೆ. ಹೆಸರು, ಊರು, ಓದುವ ವಿಷಯದ ಜೊತೆಗೆ ಆ ಸಾಲಿನ ಫುಟ್‌ಬಾಲ್ ಪಂದ್ಯಗಳ ಫಲಿತಾಂಶವನ್ನು ವಿದ್ಯಾರ್ಥಿಗಳು ತಾವೇ ಅದರ ಮೇಲೆ ಬರೆದುಕೊಳ್ಳುತ್ತಾರೆ. ಇನ್ನು ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಮೊದಲ ವರ್ಷ ಮುಗಿಸಿದವರು ಜಿಡ್ಡು ಬಳಿದ 21 ಅಡಿ ಎತ್ತರದ ಹರ್ನ್‌ಡನ್ ಸ್ತಂಭವನ್ನು ಒಬ್ಬರ ಹೆಗಲ ಮೇಲೊಬ್ಬರು ನಿಂತು ಏರುತ್ತಾರೆ. ತುದಿಯಲ್ಲಿರುವ ಹೊಸಬರ ಟೋಪಿ ತೆಗೆದು ಹಿರಿಯರ ಟೋಪಿ ಇಡಬೇಕು. ಇದೂ ಕಷ್ಟವೇ, ಪೆಟ್ಟೂ ಆಗಬಹುದು. ಆದರೆ ಹಗಲಲ್ಲಿ, ಹೆತ್ತವರ ಕಣ್ಣೆದುರು ನಡೆಯುತ್ತದೆ. ಕೆಳಗಿನವನ ಹೆಗಲಿಲ್ಲದೆ ಮೇಲಿನವನಿಗೆ ಟೋಪಿ ಎಟುಕುವುದೇ ಇಲ್ಲ.

ಇಷ್ಟನ್ನು ಪಕ್ಕಪಕ್ಕ ಇಟ್ಟರೆ ಒರೆಗಲ್ಲು ಸಿಗುತ್ತದೆ. ಆಚರಣೆ ನಾಲ್ಕು ಜನರೆದುರು ನಡೆಯುತ್ತದೆಯೇ? ಬೇಡ ಎಂದವನಿಗೆ ದಂಡನೆಯಿಲ್ಲವೇ? ಹಿರಿಯರು ಕೊಡುವುದೇನಾದರೂ ಇದೆಯೇ, ಇಲ್ಲ ಬರೀ ಕಿತ್ತುಕೊಳ್ಳುವುದೇ? ಲಾಂದ್ರದ ರಾತ್ರಿ ಮೂರರಲ್ಲೂ ಗೆಲ್ಲುತ್ತದೆ, ಹಳದಿ ಟೋಪಿ ಈಗ ಗೆಲ್ಲುತ್ತದೆ, ಪ್ಲೆಜ್ ವಾರಗಳು ಮೂರರಲ್ಲೂ ಸೋಲುತ್ತವೆ. ಅವು ಹೋದರೆ ಸಂಘವೇ ಹೋಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. 1856ರಷ್ಟು ಹಳೆಯದಾದ ಸಿಗ್ಮಾ ಆಲ್ಫಾ ಎಪ್ಸಿಲಾನ್ 2014ರಲ್ಲಿ ಪ್ಲೆಜ್ ಪದ್ಧತಿಯನ್ನೇ ರದ್ದುಮಾಡಿತು. ಸಂಘ ಈಗಲೂ ಇದೆ.

ಕನ್ನಡನಾಡಿನ ಹಾಸ್ಟೆಲುಗಳಲ್ಲಿ ‘ಇಂಟ್ರೊ ಕೊಡು’ ಎಂಬ ಸೀನಿಯರ್ ಗದರಿಕೆ ಕೇಳಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಕರ್ನಾಟಕ ಶಿಕ್ಷಣ ಕಾಯ್ದೆ ರ್‍ಯಾಗಿಂಗನ್ನು ಅಪರಾಧವೆಂದು ಹೇಳಿದೆ. 2009ರಲ್ಲಿ ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಾಚ್ರೂ ಸೀನಿಯರ್‌ಗಳ ಹೊಡೆತಕ್ಕೆ ಬಲಿಯಾದ ವರ್ಷವೇ ಯುಜಿಸಿ ನಿಯಮಗಳು ಬಂದವು. ಆ ಬಳಿಕ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಇಲ್ಲಿನ ರ್‍ಯಾಗಿಂಗ್ ಕಾಲೇಜಿಗೆ ಬಂದವರನ್ನೆಲ್ಲ ಹಿಡಿಯುತ್ತದೆ, ಅಲ್ಲಿನ ಹೇಜಿಂಗ್ ಸಂಘ ಸೇರಲು ತಾನಾಗಿ ಹೋದವನನ್ನು ಹಿಡಿಯುತ್ತದೆ. ‘ಅವನೇ ಒಪ್ಪಿ ಬಂದಿದ್ದ’ ಎಂದು ನುಣುಚಿಕೊಳ್ಳಲು ಅಲ್ಲಿನವರಿಗೆ ಸುಲಭವಾಗಿರುವುದು ಇದರಿಂದಲೇ.

ಆ ಸುಲಭ ಈಗ ಕಡಿಮೆಯಾಗುತ್ತಿದೆ. ಪಿಯಾಝಾ ಹೆಸರಿನ ಕಾನೂನು 2018ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜಾರಿಯಾಯಿತು. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ‘ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್’ ಬಂತು. ಯಾವ ಸಂಘ ಏನು ತಪ್ಪು ಮಾಡಿ ಸಿಕ್ಕಿಬಿದ್ದಿದೆ ಎಂಬ ವರದಿಯನ್ನು ಕಾಲೇಜುಗಳು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಅದು ಹೇಳುತ್ತದೆ. ಮಗನನ್ನೋ ಮಗಳನ್ನೋ ಅಮೆರಿಕದ ಕಾಲೇಜಿಗೆ ಕಳಿಸುವ ಅಪ್ಪ ಅಮ್ಮ ಫೀಸು, ಹಾಸ್ಟೆಲು, ವಿಮೆಯ ಕಾಗದಗಳ ಜೊತೆಗೆ ಈ ವರದಿಯನ್ನೂ ಮಕ್ಕಳೊಂದಿಗೆ ಕೂತು ಓದಲಿ. ಸೇರಬೇಕೆಂದಿರುವ ಸಂಘದ ಹೆಸರು ಅದರಲ್ಲಿ ಇದೆಯೇ ಎಂದು ಒಮ್ಮೆ ಹುಡುಕಲಿ.